ಬೈಕಿನ ಸ್ಪೀಡೋಮೀಟರ್ ಸೆನ್ಸರ್: ಹೊಸದು ಕೊಳ್ಳುವ ಮುನ್ನ ದೋಷ ಹುಡುಕುವ, ಸರಿಪಡಿಸುವ ಕ್ರಮ

ಮೀಟರಿನ ಮುಳ್ಳು ಸೊನ್ನೆ ಬಿಟ್ಟು ಏಳದಿದ್ದರೆ ಗ್ಯಾರೇಜಿನಲ್ಲಿ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: ‘ಸೆನ್ಸರ್ ಹೋಗಿದೆ, ಹೊಸದು ಹಾಕಬೇಕು.’ ಹೊಸದು ಹಾಕುತ್ತಾರೆ, ಮುಳ್ಳು ಎದ್ದು ಓಡುತ್ತದೆ, ಕೆಲವು ವಾರಗಳಲ್ಲಿ ಮತ್ತೆ ಮಲಗುತ್ತದೆ. ಹೀಗಾದಾಗ ಬಹುತೇಕ ಸಲ ಹಳೆಯ ಸೆನ್ಸರಿನಲ್ಲಿ ಏನೂ ದೋಷ ಇರುವುದಿಲ್ಲ. ಬಿಚ್ಚಿ ಜೋಡಿಸುವಾಗ ಸಡಿಲವಾಗಿದ್ದ ಕನೆಕ್ಟರಿನ ಪಿನ್ನು ತಾತ್ಕಾಲಿಕವಾಗಿ ಕಚ್ಚಿಕೊಂಡಿರುತ್ತದೆ, ಅಷ್ಟೇ. ರಾಳದೊಳಗೆ ಮುಚ್ಚಿಹೋಗಿರುವ, ಅಲುಗುವ ಭಾಗವೇ ಇಲ್ಲದ ಪುಟ್ಟ ಚಿಪ್ ಅಷ್ಟು ಸುಲಭವಾಗಿ ಸಾಯುವುದಿಲ್ಲ. ಅದಕ್ಕೂ ಮೊದಲು ವೈರು ತುಂಡಾಗುತ್ತದೆ, ಕನೆಕ್ಟರಿಗೆ ನೀರು ಹೊಗುತ್ತದೆ, ಚಕ್ರದ ನಡುಭಾಗವಾದ ಹಬ್ಬಿನಲ್ಲಿರುವ ಪ್ಲಾಸ್ಟಿಕ್ ಭಾಗ ಮುರಿಯುತ್ತದೆ. ಆದ್ದರಿಂದ ಈ ಬರಹದಲ್ಲಿ ಸೆನ್ಸರ್ ಬದಲಿಸುವ ಕೆಲಸ ಕೊನೆಯಲ್ಲಿ ಬರುತ್ತದೆ.

ಮುಖ್ಯವಾಗಿ ಇಲ್ಲಿ ಹೇಳುತ್ತಿರುವುದು ಮುಂಚಕ್ರದ ಹಬ್ಬಿನ ಪಕ್ಕದಲ್ಲಿ ಮೂರು ವೈರುಗಳ ಸೆನ್ಸರ್ ಇರುವ ಬೈಕುಗಳ ಬಗ್ಗೆ. ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕಡ್ಡಾಯವಾಗುವ ಮೊದಲಿನ ಪಲ್ಸರ್, ಅಪಾಚೆ, ಎಫ್‌ಝೆಡ್ ತರಹದ 150ರಿಂದ 200 ಸಿಸಿ ಬೈಕುಗಳಲ್ಲಿ ಈ ಜೋಡಣೆ ಸಾಮಾನ್ಯ. ಗೇರ್‌ಬಾಕ್ಸಿನಿಂದ ವೇಗ ಓದುವ ಬೈಕುಗಳಿಗೂ ಎಬಿಎಸ್ ಬೈಕುಗಳಿಗೂ ಕ್ರಮ ಸ್ವಲ್ಪ ಬೇರೆ. ಅದನ್ನು ಮುಂದೆ ಹೇಳುತ್ತೇನೆ. ನಿಮ್ಮ ಬೈಕಿನಲ್ಲಿ ಮುಂಚಕ್ರದಿಂದ ಮೀಟರಿಗೆ ದಪ್ಪ ಕಪ್ಪು ಕೇಬಲ್ ಏರಿಹೋಗಿದ್ದರೆ ಅದು ಹಳೆಯ ಯಾಂತ್ರಿಕ ವ್ಯವಸ್ಥೆ, ಅಲ್ಲಿ ಸೆನ್ಸರೇ ಇಲ್ಲ. ಕೇಬಲ್ಲಿನ ಮೇಲ್ತುದಿ ಬಿಚ್ಚಿ ಚಕ್ರ ತಿರುಗಿಸಿ. ಒಳಗಿನ ತಂತಿ ತಿರುಗದಿದ್ದರೆ ತಂತಿ ತುಂಡಾಗಿದೆ ಅಥವಾ ಚಕ್ರದ ಬಳಿಯ ಗೇರು ಸವೆದಿದೆ.

ಮೀಟರ್ ಇಲ್ಲದೆಯೂ ಬೈಕು ಓಡುತ್ತದಲ್ಲ ಎಂದು ತಿಂಗಳುಗಟ್ಟಲೆ ಹಾಗೆಯೇ ಬಿಡುವವರಿದ್ದಾರೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 117ನೇ ನಿಯಮ ವಾಹನಕ್ಕೆ ಸ್ಪೀಡೋಮೀಟರ್ ಇರಬೇಕೆನ್ನುತ್ತದೆ. ಕಾನೂನಿನ ಮಾತು ಹಾಗಿರಲಿ, ಓಡಿದ ಒಟ್ಟು ದೂರ ಎಣಿಸುವ ಓಡೋಮೀಟರ್ ನಿಂತರೆ ಆಯಿಲ್ ಬದಲಿಸುವ ಲೆಕ್ಕವೂ ತಪ್ಪುತ್ತದೆ.

ವೇಗ ಮುಳ್ಳಿನವರೆಗೆ ಬರುವ ದಾರಿ

1902ರಲ್ಲಿ ಜರ್ಮನಿಯ ಒಟ್ಟೊ ಶುಲ್ಟ್ಸೆ ಪೇಟೆಂಟ್ ಪಡೆದ ಸ್ಪೀಡೋಮೀಟರಿನಲ್ಲಿ ಕೇಬಲ್ಲೊಂದು ಅಯಸ್ಕಾಂತವನ್ನು ತಿರುಗಿಸುತ್ತಿತ್ತು. ಅದರ ಸೆಳೆತಕ್ಕೆ ಲೋಹದ ಬಟ್ಟಲು ವಾಲಿ ಮುಳ್ಳು ಏರುತ್ತಿತ್ತು. ಈಗ ಅಯಸ್ಕಾಂತ ಉಳಿದಿದೆ, ಕೇಬಲ್ ಹೋಗಿದೆ. 1879ರಲ್ಲಿ ಎಡ್ವಿನ್ ಹಾಲ್ ಕಂಡುಹಿಡಿದ ಪರಿಣಾಮವನ್ನು ಬಳಸುವ ‘ಹಾಲ್ ಸೆನ್ಸರ್’ ಆ ಜಾಗಕ್ಕೆ ಬಂದಿದೆ. ಚಕ್ರದೊಂದಿಗೆ ತಿರುಗುವ ಅಯಸ್ಕಾಂತ ಎದುರಿಗೆ ಬಂದಾಗಲೆಲ್ಲ ಸೆನ್ಸರ್ ತನ್ನ ಸಿಗ್ನಲ್ ವೈರನ್ನು ಅರ್ತಿಗೆ, ಅಂದರೆ ಬ್ಯಾಟರಿಯ ಮೈನಸ್ ಕಡೆಗೆ, ಎಳೆಯುತ್ತದೆ, ದೂರ ಸರಿದಾಗ ಬಿಡುತ್ತದೆ. ಈ ಎಳೆತಗಳನ್ನು, ಅಂದರೆ ಪಲ್ಸುಗಳನ್ನು, ಎಣಿಸಿ ವೇಗ ತೋರಿಸುವುದು ಮೀಟರಿನ ಕೆಲಸ.

ಮೂರು ವೈರುಗಳಲ್ಲಿ ಒಂದು ಸೆನ್ಸರಿಗೆ ವಿದ್ಯುತ್ ಕೊಡುತ್ತದೆ: ಬೈಕಿನ ವಿನ್ಯಾಸದ ಮೇಲೆ 5 ವೋಲ್ಟ್ ಇರಬಹುದು, ಬ್ಯಾಟರಿಯ 12 ವೋಲ್ಟ್ ಇರಬಹುದು. ಒಂದು ಅರ್ತ್. ಮೂರನೆಯದು ಸಿಗ್ನಲ್. ಸಾಮಾನ್ಯ ಹಾಲ್ ಸೆನ್ಸರ್ ತಾನಾಗಿ ಸಿಗ್ನಲ್ ವೈರಿಗೆ ವೋಲ್ಟೇಜ್ ಕೊಡುವುದಿಲ್ಲ. ವೋಲ್ಟೇಜನ್ನು ಮೀಟರ್ ಕೊಟ್ಟು ಕಾಯುತ್ತದೆ, ಸೆನ್ಸರ್ ಅದನ್ನು ಕೆಳಗೆಳೆಯುತ್ತದೆ. ಇದೊಂದು ನೆನಪಿದ್ದರೆ ಮುಂದಿನ ಪರೀಕ್ಷೆಗಳು ಗೊಂದಲವಾಗುವುದಿಲ್ಲ.

100/80-17 ಅಳತೆಯ ಟೈರಿನ ಸುತ್ತಳತೆ ಸುಮಾರು 1.86 ಮೀಟರ್. ಗಂಟೆಗೆ 40 ಕಿ.ಮೀ. ವೇಗದಲ್ಲಿ ಈ ಚಕ್ರ ಸೆಕೆಂಡಿಗೆ ಸುಮಾರು ಆರು ಸುತ್ತು ತಿರುಗುತ್ತದೆ. ಒಂದು ಸುತ್ತಿಗೆ ಎಷ್ಟು ಪಲ್ಸು ಎಂಬುದು ಮೀಟರಿನ ಲೆಕ್ಕದಲ್ಲಿ ಮೊದಲೇ ಸೇರಿರುತ್ತದೆ. ಬೇರೆ ಮಾದರಿಯ ಸೆನ್ಸರ್ ಕನೆಕ್ಟರಿಗೆ ಸರಿಯಾಗಿ ಕೂತರೂ ವೇಗ ತಪ್ಪಾಗಿ ತೋರಬಹುದಾದದ್ದು ಇದೇ ಕಾರಣಕ್ಕೆ. ‘ಎಲ್ಲದಕ್ಕೂ ಹೊಂದುತ್ತದೆ’ ಎಂದು ಮಾರುವ ಸೆನ್ಸರುಗಳನ್ನು ನಾನು ನಂಬುವುದಿಲ್ಲ.

ಸ್ಪ್ಯಾನರ್ ಎತ್ತುವ ಮೊದಲು ಲಕ್ಷಣ ಓದಿ

ಇಡೀ ಮೀಟರ್ ಕತ್ತಲಾಗಿದ್ದರೆ ಸೆನ್ಸರಿಗೂ ಅದಕ್ಕೂ ಸಂಬಂಧವಿಲ್ಲದಿರುವ ಸಾಧ್ಯತೆಯೇ ಹೆಚ್ಚು. ಫ್ಯೂಸ್, ಬ್ಯಾಟರಿ, ಮೀಟರಿನ ಹಿಂದಿನ ದೊಡ್ಡ ಕನೆಕ್ಟರ್ ನೋಡಿ. ವೇಗದ ಮುಳ್ಳು ಸತ್ತಿದೆ, ಆದರೆ ಓಡೋಮೀಟರಿನ ಕಿಲೋಮೀಟರ್ ಏರುತ್ತಲೇ ಇದೆ ಎಂದಾದರೆ ಸೆನ್ಸರ್ ಚೆನ್ನಾಗಿದೆ. ಎರಡಕ್ಕೂ ಪಲ್ಸು ಬರುವುದು ಒಂದೇ ವೈರಿನಿಂದ. ಕೆಟ್ಟಿರುವುದು ಮೀಟರಿನೊಳಗೆ ಮುಳ್ಳನ್ನು ತಿರುಗಿಸುವ ಪುಟ್ಟ ಮೋಟರು. ಈ ಒಂದು ವ್ಯತ್ಯಾಸ ಗಮನಿಸಿದರೆ ಎಷ್ಟೋ ಜನರ ಹಣ ಉಳಿಯುತ್ತದೆ. ಆರ್‌ಪಿಎಂ, ಇಂಡಿಕೇಟರ್ ಎಲ್ಲ ಸರಿಯಿದ್ದು ವೇಗವೂ ಓಡೋಮೀಟರೂ ಒಟ್ಟಿಗೆ ನಿಂತಿದ್ದರೆ ಮಾತ್ರ ಸಿಗ್ನಲ್ಲಿನ ದಾರಿಯನ್ನು ಹಿಡಿದು ಹೋಗಬೇಕು.

ಹ್ಯಾಂಡಲ್ ಒಂದು ಕಡೆಗೆ ತಿರುಗಿಸಿದಾಗ ಮಾತ್ರ ಮೀಟರ್ ಸಾಯುತ್ತಿದ್ದರೆ ವೈರು ಹ್ಯಾಂಡಲ್ಲಿನ ಬುಡದಲ್ಲಿ ತುಂಡಾಗಿದೆ. ಗುಂಡಿ ಹಾರಿದಾಗ ಮುಳ್ಳು ಬೀಳುತ್ತಿದ್ದರೆ ಮುಂಚಕ್ರವನ್ನು ಹಿಡಿದಿರುವ ಫೋರ್ಕಿನ ಕೆಳಭಾಗದಲ್ಲಿ ಹುಡುಕಿ. ಮಳೆಯಲ್ಲಿ ಅಥವಾ ನೀರಿನ ಸರ್ವಿಸ್ ಮಾಡಿಸಿದ ದಿನ ಮಾತ್ರ ತೊಂದರೆ ಎಂದರೆ ಕನೆಕ್ಟರ್. ಮುಳ್ಳು ಒಂದೇ ಸಮನೆ ನಡುಗುತ್ತಾ ಏರಿಳಿಯುತ್ತಿದ್ದರೆ ಹಬ್ಬಿನೊಳಗಿನ ಪ್ಲಾಸ್ಟಿಕ್ ಗೇರಿನ ಹಲ್ಲು ಸವೆದಿರಬಹುದು. ನಿಂತಲ್ಲೇ ಆಕ್ಸಿಲರೇಟರ್ ಏರಿಸಿದಾಗ ಮೀಟರ್ ವೇಗ ತೋರಿಸಿದರೆ ಅದು ಇಗ್ನಿಷನ್ನಿನ ವಿದ್ಯುತ್ ಗದ್ದಲ: ಸಡಿಲ ಅರ್ತ್, ಕಂಪನಿ ಹೇಳಿದ್ದನ್ನು ಬಿಟ್ಟು ರೆಸಿಸ್ಟರ್ ಇಲ್ಲದ ಸ್ಪಾರ್ಕ್ ಪ್ಲಗ್ ಹಾಕಿರುವುದು, ಅಗ್ಗದ ಎಲ್‌ಇಡಿ ಹೆಡ್‌ಲೈಟು, ಇವುಗಳಲ್ಲಿ ಒಂದು.

ಇನ್ನೊಂದು ಪ್ರಶ್ನೆಯನ್ನು ನಿಮಗೆ ನೀವೇ ಕೇಳಿಕೊಳ್ಳಿ: ಮೀಟರ್ ಸಾಯುವ ಮುನ್ನ ಮುಂಚಕ್ರ ಬಿಚ್ಚಿಸಿದ್ದಿರಾ? ಪಂಕ್ಚರ್ ಹಾಕಿಸಿದ್ದು, ಟೈರ್ ಬದಲಿಸಿದ್ದು, ಬೇರಿಂಗ್ ಹಾಕಿಸಿದ್ದು, ಯಾವುದಾದರೂ ಸರಿ. ಉತ್ತರ ಹೌದು ಎಂದಾದರೆ ಮಲ್ಟಿಮೀಟರ್ ಪಕ್ಕಕ್ಕಿಟ್ಟು ನೇರವಾಗಿ ಹಬ್ಬಿನ ಭಾಗಕ್ಕೆ ಹೋಗಿ. ಅಲ್ಲಿಯೇ ದೋಷ ಸಿಗುವ ಸಂಭವ ಹೆಚ್ಚು.

ಬೇಕಾದ ಸಾಮಾನು

ಸಾಧಾರಣ ಡಿಜಿಟಲ್ ಮಲ್ಟಿಮೀಟರ್, ಸ್ಪ್ಯಾನರುಗಳ ಸೆಟ್ಟು, ಎರಡು ತೆಳುವಾದ ಗುಂಡುಸೂಜಿ, ಒಂದು ಕಿಲೋ ಓಮ್‌ನ ರೆಸಿಸ್ಟರ್, ಒಂದು ಎಲ್‌ಇಡಿ, ಬೆಸುಗೆ ಕಡ್ಡಿ, ಒಳಗೆ ಅಂಟು ಇರುವ, ಬಿಸಿಗೆ ಕುಗ್ಗಿ ವೈರನ್ನು ಬಿಗಿಯುವ ಹೀಟ್ ಶ್ರಿಂಕ್ ಕೊಳವೆ, ಕಾಂಟ್ಯಾಕ್ಟ್ ಕ್ಲೀನರ್, ಪಿನ್ನುಗಳಿಗೆ ನೀರು ತಾಗದಂತೆ ಸವರುವ ಡೈಎಲೆಕ್ಟ್ರಿಕ್ ಗ್ರೀಸ್. ಬೆಂಗಳೂರಿನವರಿಗೆ ಇದರಲ್ಲಿ ಎಲೆಕ್ಟ್ರಾನಿಕ್ ಸಾಮಾನೆಲ್ಲ ಎಸ್‌ಪಿ ರಸ್ತೆಯಲ್ಲಿ ಸಿಗುತ್ತದೆ, ಬೈಕಿನ ಬಿಡಿಭಾಗಕ್ಕೆ ಜೆಸಿ ರಸ್ತೆ ಇದೆ. ಬೇರೆ ಊರುಗಳಲ್ಲಿ ಟಿವಿ, ಮೊಬೈಲ್ ರಿಪೇರಿ ಅಂಗಡಿಯವರನ್ನು ಕೇಳಿದರೆ ರೆಸಿಸ್ಟರ್, ಎಲ್‌ಇಡಿ ಪುಡಿಗಾಸಿಗೆ ಕೊಡುತ್ತಾರೆ.

ಮೊದಲ ಹೆಜ್ಜೆ: ಕಣ್ಣು ಮತ್ತು ಕೈ

ಸೆನ್ಸರಿನಿಂದ ಹೊರಟ ವೈರನ್ನು ಬೆರಳಿನಲ್ಲಿ ಹಿಡಿದುಕೊಂಡೇ ಮೇಲಕ್ಕೆ ಹೋಗಿ. ಫೋರ್ಕಿಗೆ ಅದನ್ನು ಬಿಗಿದಿರುವ ಕ್ಲಿಪ್ಪುಗಳೆಲ್ಲ ಇವೆಯೇ? ಒಂದು ಕ್ಲಿಪ್ ಬಿದ್ದುಹೋಗಿದ್ದರೆ ವೈರು ಚಕ್ರಕ್ಕೋ ಡಿಸ್ಕಿಗೋ ತಾಗಿ ಉಜ್ಜಿರುತ್ತದೆ. ಫೋರ್ಕ್ ಕುಗ್ಗಿದಾಗ ವೈರು ಮಡಚಿಕೊಳ್ಳುವ ಜಾಗ, ಹ್ಯಾಂಡಲ್ ತಿರುಗುವ ಬುಡ, ಹೆಡ್‌ಲೈಟಿನ ಹಿಂದೆ ವೈರುಗಳ ಕಟ್ಟಿನೊಳಗೆ ಅದು ಸೇರುವ ಜಾಗ, ಈ ಮೂರನ್ನು ಎರಡೆರಡು ಸಲ ನೋಡಿ. ಅಡಿಕೆಯೋ ಭತ್ತವೋ ಇಟ್ಟ ಕೋಣೆಯ ಪಕ್ಕ ಬೈಕು ನಿಲ್ಲಿಸುವವರು ಇಲಿಯ ಹಲ್ಲಿನ ಗುರುತಿಗಾಗಿಯೂ ನೋಡಬೇಕು.

ಹೊರಗೆ ಹರಿದು ಕಾಣದ ವೈರು ಒಳಗೆ ತುಂಡಾಗಿರಬಹುದು. ಅದನ್ನು ಪತ್ತೆಹಚ್ಚುವ ಉಪಾಯ ಸುಲಭ. ಒಂದೊಂದೇ ಎಳೆಯನ್ನು ಎರಡು ಇಂಚು ಅಂತರದಲ್ಲಿ ಹಿಡಿದು ಹಗುರವಾಗಿ ಜಗ್ಗುತ್ತಾ ಸಾಗಿ. ಒಳಗೆ ತಾಮ್ರ ಇದ್ದರೆ ವೈರು ಹಿಗ್ಗುವುದಿಲ್ಲ. ತಾಮ್ರ ತುಂಡಾದ ಜಾಗದಲ್ಲಿ ಮೇಲಿನ ಪ್ಲಾಸ್ಟಿಕ್ ಮಾತ್ರ ಉಳಿದಿರುವುದರಿಂದ ಅದು ರಬ್ಬರಿನ ಹಾಗೆ ತೆಳುವಾಗಿ ಹಿಗ್ಗುತ್ತದೆ, ಬೆರಳಿಗೆ ಗೊತ್ತಾಗುತ್ತದೆ.

ಆಮೇಲೆ ಕನೆಕ್ಟರ್ ಬಿಚ್ಚಿ. ಬೀಗದ ಹಾಗಿರುವ ಪುಟ್ಟ ನಾಲಗೆಯನ್ನು ಒತ್ತಿ, ಕನೆಕ್ಟರಿನ ಮೈ ಹಿಡಿದು ಎಳೆಯಿರಿ. ವೈರು ಹಿಡಿದು ಎಳೆದರೆ ಹೊಸ ದೋಷವೊಂದು ಸೇರಿಕೊಳ್ಳುತ್ತದೆ. ಪಿನ್ನುಗಳ ಮೇಲೆ ಹಸಿರು ಕಿಲುಬು ಇದೆಯೇ? ಮಂಗಳೂರಿನಿಂದ ಕಾರವಾರದವರೆಗಿನ ಉಪ್ಪು ಗಾಳಿಯಲ್ಲಿ ಓಡುವ ಬೈಕುಗಳಲ್ಲಿ, ಮಲೆನಾಡಿನ ಮಳೆಗಾಲ ಕಂಡ ಬೈಕುಗಳಲ್ಲಿ ಇದನ್ನು ಹುಡುಕಬೇಕಾಗಿಯೇ ಇಲ್ಲ, ಎದುರಿಗೇ ಕಾಣುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಒಣಗಿಸಿ. ಪೆಟ್ರೋಲಿನಿಂದ ತೊಳೆಯಬೇಡಿ, ಬೆಂಕಿಯ ಭಯ ಒಂದು ಕಡೆಯಾದರೆ, ಕನೆಕ್ಟರಿನ ರಬ್ಬರ್ ಸೀಲು ಉಬ್ಬಿ ಹಾಳಾಗುವುದು ಇನ್ನೊಂದು ಕಡೆ. ಹೆಣ್ಣು ಪಿನ್ನಿನ ಬಾಯಿ ಅಗಲವಾಗಿದ್ದರೆ ಸೂಜಿಯ ತುದಿಯಿಂದ ಒಂದಿಷ್ಟು ಒಳಕ್ಕೆ ಬಾಗಿಸಿ. ತೆಳುವಾಗಿ ಡೈಎಲೆಕ್ಟ್ರಿಕ್ ಗ್ರೀಸ್ ಸವರಿ ಮತ್ತೆ ಜೋಡಿಸಿ, ಬೈಕು ಓಡಿಸಿ ನೋಡಿ. ಇಲ್ಲಿಗೇ ಮುಗಿದರೂ ಮುಗಿಯಿತು.

ಎರಡನೆಯ ಹೆಜ್ಜೆ: ಮಲ್ಟಿಮೀಟರ್

ಬೈಕನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿ, ಹಿಂದೆ ಯಾರಾದರೂ ಒತ್ತಿ ಹಿಡಿಯಲಿ ಅಥವಾ ಎಂಜಿನ್ನಿನ ಕೆಳಗೆ ಗಟ್ಟಿಯಾದ ಜ್ಯಾಕ್ ಕೊಡಿ. ಮುಂಚಕ್ರ ನೆಲ ಬಿಟ್ಟು ತಿರುಗಬೇಕು. ಕೀ ಆನ್ ಇರಲಿ, ಎಂಜಿನ್ ಸ್ಟಾರ್ಟ್ ಆಗುವುದು ಬೇಡ. ಮಲ್ಟಿಮೀಟರ್ ಡಿಸಿ 20 ವೋಲ್ಟ್ ಅಳತೆಯಲ್ಲಿ ಇರಲಿ. ಮೊದಲು ಬ್ಯಾಟರಿಯನ್ನೇ ಅಳೆಯಿರಿ: ಚಾರ್ಜ್ ಇರುವ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. 12ಕ್ಕಿಂತ ಕೆಳಗಿದ್ದರೆ ಮೊದಲು ಅದನ್ನು ಸರಿಪಡಿಸಿ.

ವೈರಿನ ಬಣ್ಣ ನೋಡಿ ತೀರ್ಮಾನಿಸಬೇಡಿ. ಒಂದು ಕಂಪನಿಯ ಅರ್ತ್ ಬಣ್ಣ ಇನ್ನೊಂದರಲ್ಲಿ ಸಿಗ್ನಲ್ ಆಗಿರುತ್ತದೆ, ನಡುವೆ ಯಾರಾದರೂ ರಿಪೇರಿ ಮಾಡಿದ್ದರೆ ಬಣ್ಣಕ್ಕೆ ಅರ್ಥವೇ ಉಳಿದಿರುವುದಿಲ್ಲ. ಕನೆಕ್ಟರ್ ಬಿಚ್ಚಿ, ಮೀಟರ್ ಕಡೆಯಿಂದ ಬರುವ ಭಾಗದಲ್ಲಿ ಅಳತೆ ಶುರುಮಾಡಿ. ಕಪ್ಪು ಕಡ್ಡಿ ಬ್ಯಾಟರಿಯ ಮೈನಸ್ಸಿಗೆ, ಕೆಂಪು ಕಡ್ಡಿ ಒಂದೊಂದು ಪಿನ್ನಿಗೆ. ಒಂದು ಪಿನ್ನು ಸೊನ್ನೆ ತೋರಿಸುತ್ತದೆ, ಅದು ಅರ್ತ್. ಉಳಿದ ಎರಡರಲ್ಲೂ ವೋಲ್ಟೇಜ್ ಕಂಡರೆ ಗಾಬರಿ ಬೇಡ, ಸಿಗ್ನಲ್ ವೈರಿಗೂ ಮೀಟರ್ ವೋಲ್ಟೇಜ್ ಕೊಟ್ಟು ಕಾಯುತ್ತಿದೆ ಎಂದು ಆಗಲೇ ಹೇಳಿದೆ. ಯಾವುದು ಯಾವುದೆಂದು ತಿಳಿಯಲು ಒಂದು ಕಿಲೋ ಓಮ್ ರೆಸಿಸ್ಟರನ್ನು ಆ ಪಿನ್ನಿಗೂ ಅರ್ತಿಗೂ ನಡುವೆ ಹಿಡಿದು ಮತ್ತೆ ಅಳೆಯಿರಿ. ವಿದ್ಯುತ್ ಪೂರೈಸುವ ವೈರು ಅಲುಗುವುದಿಲ್ಲ, ಮೊದಲಿನಷ್ಟೇ ತೋರಿಸುತ್ತದೆ. ಸಿಗ್ನಲ್ ವೈರಿನ ವೋಲ್ಟೇಜ್ ಮಾತ್ರ ಕುಸಿಯುತ್ತದೆ. ರೆಸಿಸ್ಟರ್ ಇಲ್ಲದೆ ಬರಿಯ ವೈರಿನಿಂದ ಇದನ್ನು ಮಾಡಲು ಹೋಗಬೇಡಿ. ಪೂರೈಕೆಯ ವೈರು ನೇರವಾಗಿ ಅರ್ತಿಗೆ ತಾಗಿದರೆ ಫ್ಯೂಸ್ ಹೋಗುತ್ತದೆ. ಅದು ಮೀಟರಿನೊಳಗಿಂದ ಬರುವ 5 ವೋಲ್ಟ್ ಆಗಿದ್ದರೆ ಮೀಟರೇ ಸುಡಬಹುದು.

ಈಗ ಕಪ್ಪು ಕಡ್ಡಿಯನ್ನು ಬ್ಯಾಟರಿಯಿಂದ ತೆಗೆದು ಕನೆಕ್ಟರಿನ ಅರ್ತ್ ಪಿನ್ನಿಗೇ ಇಟ್ಟು ಪೂರೈಕೆಯನ್ನು ಮತ್ತೊಮ್ಮೆ ಅಳೆಯಿರಿ. ಮೊದಲಿನ ಅಂಕಿಯೇ ಬಂದರೆ ಅರ್ತ್ ಸರಿಯಿದೆ. ಅರ್ಧ ವೋಲ್ಟಿಗಿಂತ ಹೆಚ್ಚು ಇಳಿದರೆ ಅರ್ತ್ ವೈರಿನ ದಾರಿಯಲ್ಲಿ ತುಕ್ಕೋ ಸಡಿಲವೋ ಇದೆ. ಪೂರೈಕೆಯೇ ಇಲ್ಲವೆಂದರೆ ಸೆನ್ಸರನ್ನು ದೂರಿ ಪ್ರಯೋಜನವಿಲ್ಲ, ಮೀಟರ್ ಕಡೆಗೆ ವೈರನ್ನು ಹಿಂಬಾಲಿಸಿ. ಕನೆಕ್ಟರ್ ಬಿಚ್ಚಿದಾಗ ಪೂರೈಕೆ ಇದ್ದು, ಜೋಡಿಸಿದ ಕೂಡಲೇ ಕುಸಿದರೆ ಸೆನ್ಸರಿನೊಳಗೋ ಅದರ ಬಾಲದ ವೈರಿನಲ್ಲೋ ಶಾರ್ಟ್ ಆಗಿದೆ.

ಪೂರೈಕೆ, ಅರ್ತ್ ಎರಡೂ ಸರಿಯಿದ್ದರೆ ಕನೆಕ್ಟರ್ ಜೋಡಿಸಿ, ಗುಂಡುಸೂಜಿಯನ್ನು ಕನೆಕ್ಟರಿನ ಬೆನ್ನಿನಿಂದ ಸಿಗ್ನಲ್ ಪಿನ್ನಿಗೆ ತಾಗುವಂತೆ ನಯವಾಗಿ ತೂರಿಸಿ. ವೈರಿನ ಮೈಗೆ ಸೂಜಿ ಚುಚ್ಚುವ ಅಭ್ಯಾಸ ಕೆಟ್ಟದ್ದು. ಆ ತೂತಿನಿಂದ ನೀರಿಳಿದು ಮುಂದಿನ ಮಳೆಗಾಲಕ್ಕೆ ತಾಮ್ರ ಕಪ್ಪಾಗುತ್ತದೆ. ಸೂಜಿಗೆ ಕೆಂಪು ಕಡ್ಡಿ, ಅರ್ತಿಗೆ ಕಪ್ಪು. ಚಕ್ರವನ್ನು ಬಹಳ ನಿಧಾನವಾಗಿ, ಇಂಚಿಂಚಾಗಿ ತಿರುಗಿಸಿ. ಅಂಕಿ ಒಮ್ಮೆ ಸೊನ್ನೆಯ ಹತ್ತಿರಕ್ಕೆ ಇಳಿದು ಒಮ್ಮೆ ಪೂರ್ತಿ ಏರಬೇಕು, ಮತ್ತೆ ಇಳಿಯಬೇಕು. ಹೀಗಾದರೆ ಸೆನ್ಸರ್ ಬದುಕಿದೆ. ಚಕ್ರವನ್ನು ಜೋರಾಗಿ ತಿರುಗಿಸಿದರೆ ಮಲ್ಟಿಮೀಟರಿಗೆ ಅಷ್ಟು ಬೇಗ ಓದಲಾಗದೆ ನಡುವಿನ ಯಾವುದೋ ಅಂಕಿ ತೋರಿಸುತ್ತದೆ, ಅದು ದೋಷವಲ್ಲ.

ಅಂಕಿ ಮೇಲೆಯೇ ನಿಂತರೆ ಎರಡು ಸಾಧ್ಯತೆ: ಸೆನ್ಸರ್ ಸತ್ತಿದೆ, ಇಲ್ಲವೇ ಅದರ ಎದುರು ಅಯಸ್ಕಾಂತ ತಿರುಗುತ್ತಲೇ ಇಲ್ಲ. ಎರಡನೆಯದನ್ನು ಮರೆಯುವವರೇ ಹೆಚ್ಚು. ಅಂಕಿ ಕೆಳಗೆಯೇ ಕೂತಿದ್ದರೆ ಕನೆಕ್ಟರ್ ಬಿಚ್ಚಿ ಮೀಟರ್ ಕಡೆಯ ಸಿಗ್ನಲ್ ಪಿನ್ನನ್ನು ನೋಡಿ. ಅಲ್ಲಿ ವೋಲ್ಟೇಜ್ ಬಂದರೆ ಅದನ್ನು ಕೆಳಗೆಳೆದು ಹಿಡಿದಿದ್ದದ್ದು ಸೆನ್ಸರ್. ಬರದಿದ್ದರೆ ಸಿಗ್ನಲ್ ವೈರು ದಾರಿಯಲ್ಲಿ ತುಂಡಾಗಿದೆ ಅಥವಾ ಎಲ್ಲೋ ಫ್ರೇಮಿಗೆ ತಾಗಿದೆ.

ಹಾಲ್ ಸೆನ್ಸರನ್ನು ಓಮ್ ಅಳತೆಯಲ್ಲಿ ಪರೀಕ್ಷಿಸುವ ವಿಡಿಯೋಗಳು ಬೇಕಾದಷ್ಟಿವೆ. ಅದರಿಂದ ಏನೂ ತಿಳಿಯುವುದಿಲ್ಲ. ಒಳಗಿರುವುದು ಚಿಪ್, ಸುರುಳಿಯಲ್ಲ. ಎರಡು ವೈರಿನ ರೀಡ್ ಸ್ವಿಚ್ (ಅಯಸ್ಕಾಂತ ಹತ್ತಿರ ಬಂದರೆ ಕೂಡಿಕೊಳ್ಳುವ ಪುಟ್ಟ ಸ್ವಿಚ್) ಇದ್ದರೆ ಮಾತ್ರ ಅಯಸ್ಕಾಂತ ಹಿಡಿದು ಬೀಪ್ ಕೇಳಿ ಪರೀಕ್ಷಿಸಬಹುದು.

ಮೂರನೆಯ ಹೆಜ್ಜೆ: ಮೀಟರಿಗೆ ಸುಳ್ಳು ಪಲ್ಸು, ಸೆನ್ಸರಿಗೆ ಎಲ್‌ಇಡಿ

ಮೀಟರ್ ಸರಿಯಿದೆಯೇ ಎಂದು ನೋಡಲು ಸೆನ್ಸರಿನ ಕೆಲಸವನ್ನು ನೀವೇ ಮಾಡಬಹುದು. ಸೆನ್ಸರ್ ಕಳಚಿ, ಕೀ ಆನ್ ಮಾಡಿ, ಮೀಟರ್ ಕಡೆಯ ಸಿಗ್ನಲ್ ಪಿನ್ನನ್ನು ಅದೇ ರೆಸಿಸ್ಟರಿನ ಮೂಲಕ ಅರ್ತಿಗೆ ಬೇಗಬೇಗ ತಾಗಿಸಿ ಬಿಡಿ. ಮುಳ್ಳು ಕದಲಿದರೆ ಅಥವಾ ಪರದೆಯ ಮೇಲೆ ಯಾವುದೇ ವೇಗ ಮಿನುಗಿದರೆ ಮೀಟರೂ ಅಲ್ಲಿಯವರೆಗಿನ ವೈರೂ ಸರಿಯಿವೆ. ಸುತ್ತಿಗೆ ಹಲವಾರು ಪಲ್ಸು ನಿರೀಕ್ಷಿಸುವ ಮೀಟರುಗಳು ಕೈಯ ವೇಗಕ್ಕೆ ಕದಲದೇ ಇರಬಹುದು. ಹಾಗಾಗಿ ಮುಳ್ಳು ಎದ್ದರೆ ನಂಬಿ, ಏಳದಿದ್ದರೆ ಮೀಟರ್ ಕೆಟ್ಟಿದೆ ಎಂದು ಕೂಡಲೇ ತೀರ್ಪು ಕೊಡಬೇಡಿ.

ಸೆನ್ಸರಿನ ಬಗ್ಗೆ ಅನುಮಾನ ಉಳಿದಿದ್ದರೆ ಅದನ್ನು ಕನೆಕ್ಟರಿಗೆ ಜೋಡಿಸಿಯೇ ಎಲ್‌ಇಡಿಯ ಉದ್ದ ಕಾಲನ್ನು ಪೂರೈಕೆಗೆ, ಇನ್ನೊಂದು ಕಾಲನ್ನು ರೆಸಿಸ್ಟರಿನ ಮೂಲಕ ಸಿಗ್ನಲ್ಲಿಗೆ ಹಿಡಿಯಿರಿ. ಚಕ್ರ ತಿರುಗಿದಂತೆ ಎಲ್‌ಇಡಿ ಮಿನುಗಬೇಕು. 5 ವೋಲ್ಟಿನ ಬೈಕಿನಲ್ಲಿ ಮಂದವಾಗಿ ಕಾಣುತ್ತದೆ, ನೆರಳಿನಲ್ಲಿ ನೋಡಿ. ಸೆನ್ಸರನ್ನು ಹಬ್ಬಿನಿಂದ ಹೊರತೆಗೆದು ಪರೀಕ್ಷಿಸುವಾಗ ಅದರ ಮೂತಿಯ ಎದುರು ಪುಟ್ಟ ಅಯಸ್ಕಾಂತ ಆಡಿಸಿ. ಪ್ರತಿಕ್ರಿಯೆ ಬರದಿದ್ದರೆ ಅಯಸ್ಕಾಂತವನ್ನು ಮಗುಚಿ ಹಿಡಿಯಿರಿ: ಕೆಲವು ಹಾಲ್ ಚಿಪ್‌ಗಳು ಒಂದೇ ಧ್ರುವಕ್ಕೆ ಓಗೊಡುತ್ತವೆ, ಇನ್ನು ಕೆಲವಕ್ಕೆ ಉತ್ತರ ದಕ್ಷಿಣ ಎರಡೂ ಸರದಿಯಲ್ಲಿ ಬರಬೇಕು. ಈ ಒಂದು ಕಾರಣಕ್ಕೆ ಒಳ್ಳೆಯ ಸೆನ್ಸರುಗಳು ಕಸದ ಬುಟ್ಟಿ ಸೇರುತ್ತವೆ. ಉಕ್ಕಿನ ಹಲ್ಲುಗಳನ್ನು ಓದುವ ಮಾದರಿಯಾದರೆ ಅಯಸ್ಕಾಂತದ ಬದಲು ಸ್ಕ್ರೂಡ್ರೈವರಿನ ತುದಿ ಆಡಿಸಿದರೆ ಸಾಕು. ಹೊರಗಿನ ಬ್ಯಾಟರಿಯಿಂದ ವಿದ್ಯುತ್ ಕೊಡುವುದಾದರೆ ಬೈಕಿನಲ್ಲಿ ಅಳೆದ ವೋಲ್ಟೇಜನ್ನು ಮೀರಬೇಡಿ.

ಹಬ್ಬಿನೊಳಗೆ

ಪಂಕ್ಚರ್ ಅಂಗಡಿಯಿಂದ ಬಂದ ಮೇಲೆ ಮೀಟರ್ ಸತ್ತ ಬೈಕುಗಳ ಕಥೆ ಇಲ್ಲಿದೆ. ಈ ಬಗೆಯ ಬೈಕುಗಳಲ್ಲಿ ಸೆನ್ಸರ್ ಇರುವ ದುಂಡನೆಯ ಡಬ್ಬಿ ಚಕ್ರದ ಅಚ್ಚಿನ, ಅಂದರೆ ಆಕ್ಸಲ್ಲಿನ, ಮೇಲೆ, ಫೋರ್ಕಿಗೂ ಹಬ್ಬಿಗೂ ನಡುವೆ ಕೂರುತ್ತದೆ. ಡಬ್ಬಿಯೊಳಗಿನ ಉಂಗುರಕ್ಕೆ ಎದುರುಬದುರು ಎರಡು ಕಿವಿಗಳಿರುತ್ತವೆ. ಹಬ್ಬಿನಲ್ಲಿ ಅವುಗಳಿಗೆ ತಕ್ಕ ಎರಡು ಕಚ್ಚುಗಳಿರುತ್ತವೆ. ಕಿವಿ ಕಚ್ಚಿನೊಳಗೆ ಇಳಿದರೆ ಮಾತ್ರ ಚಕ್ರದೊಂದಿಗೆ ಉಂಗುರ ತಿರುಗುತ್ತದೆ. ಅವಸರದಲ್ಲಿ ಚಕ್ರ ಜೋಡಿಸುವವರು ಇದನ್ನು ನೋಡದೆ ಆಕ್ಸಲ್ ನಟ್ಟು ಬಿಗಿಯುತ್ತಾರೆ. ಕಿವಿಗಳು ಹಬ್ಬಿನ ಅಂಚಿಗೆ ಒತ್ತಿ ಮಡಚುತ್ತವೆ ಅಥವಾ ಮುರಿಯುತ್ತವೆ. ಸೆನ್ಸರ್ ನೂರಕ್ಕೆ ನೂರು ಸರಿಯಿರುತ್ತದೆ, ಅದರ ಎದುರು ತಿರುಗುವುದೇ ಏನೂ ಇರುವುದಿಲ್ಲ.

ಚಕ್ರ ಬಿಚ್ಚುವ ಮೊದಲು ಎರಡೂ ಬದಿಯ ಫೋಟೋ ತೆಗೆದುಕೊಳ್ಳಿ. ಯಾವ ಸ್ಪೇಸರ್ ಯಾವ ಕಡೆ ಎಂಬ ಗೊಂದಲ ಆಮೇಲೆ ಇರುವುದಿಲ್ಲ. ಆಕ್ಸಲ್ ನಟ್ಟನ್ನು ಚಕ್ರ ನೆಲದಲ್ಲಿರುವಾಗಲೇ ಸ್ವಲ್ಪ ಸಡಿಲಿಸಿ, ನಂತರ ಬೈಕು ಎತ್ತಿ. ಚಕ್ರ ಹೊರಬಂದ ಮೇಲೆ ಯಾವ ಕಾರಣಕ್ಕೂ ಮುಂದಿನ ಬ್ರೇಕ್ ಲಿವರ್ ಒತ್ತಬೇಡಿ. ಡಿಸ್ಕ್ ಇಲ್ಲದೆ ಕ್ಯಾಲಿಪರಿನ ಪಿಸ್ಟನ್ನುಗಳು ಹೊರಗೆ ಬರುತ್ತವೆ, ಅದನ್ನು ಹಿಂದಕ್ಕೆ ತಳ್ಳುವುದು ಬೇರೆಯೇ ಸಾಹಸ. ಪ್ಯಾಡುಗಳ ನಡುವೆ ಮರದ ಚಕ್ಕೆಯೊಂದನ್ನು ಸಿಕ್ಕಿಸಿಟ್ಟರೆ ನಿಶ್ಚಿಂತೆ.

ಡಬ್ಬಿ ಕೈಗೆ ತೆಗೆದುಕೊಂಡು ಉಂಗುರವನ್ನು ಬೆರಳಿನಿಂದ ತಿರುಗಿಸಿ. ಸರಾಗವಾಗಿ ತಿರುಗಬೇಕು, ಎಲ್ಲಿಯೂ ಜಾರಬಾರದು, ಕಟಕಟ ಎನ್ನಬಾರದು. ಅಯಸ್ಕಾಂತ ಇರುವ ಕಡೆ ಬ್ರೇಕ್ ಡಿಸ್ಕಿನಿಂದ ಉದುರಿದ ಕಬ್ಬಿಣದ ಪುಡಿ ಮೀಸೆಯ ಹಾಗೆ ಅಂಟಿರುತ್ತದೆ. ಲೇತ್ ಅಂಗಡಿಗಳ ಮುಂದೆ ನಿಲ್ಲುವ ಬೈಕುಗಳಲ್ಲಿ ಇನ್ನೂ ಹೆಚ್ಚು. ಬಟ್ಟೆಯಿಂದ ಒರೆಸಿದರೆ ಅದು ಜಾಗ ಬದಲಿಸುತ್ತದೆಯೇ ಹೊರತು ಹೋಗುವುದಿಲ್ಲ. ಅಂಟುಪಟ್ಟಿಯನ್ನು ಒತ್ತಿ ಎತ್ತಿದರೆ ಪೂರ್ತಿ ಬರುತ್ತದೆ. ಕಿವಿ ಲೋಹದ್ದಾಗಿ ಬರೀ ಮಡಚಿದ್ದರೆ ಇಕ್ಕಳದಿಂದ ನೇರ ಮಾಡಬಹುದು. ಮುರಿದಿದ್ದರೆ ಅಂಟು ಹಾಕಿ ಕೂರಿಸುವ ಪ್ರಯತ್ನ ಬೇಡ. ಕೆಲವು ಬೈಕುಗಳಿಗೆ ಒಳಗಿನ ಗೇರು ಬಿಡಿಯಾಗಿ ಸಿಗುತ್ತದೆ, ಹಲವಕ್ಕೆ ಇಡೀ ಡಬ್ಬಿಯನ್ನೇ ಕೊಳ್ಳಬೇಕು.

ಮರಳಿ ಜೋಡಿಸುವಾಗ ಗೇರಿಗೆ ಲಿಥಿಯಂ ಗ್ರೀಸ್ ಸ್ವಲ್ಪವೇ ಹಚ್ಚಿ. ಡಬ್ಬಿಯನ್ನು ಹಬ್ಬಿನ ಮೇಲಿಟ್ಟು ಎಡಬಲ ತಿರುಗಿಸುತ್ತಾ ಹಗುರವಾಗಿ ಒತ್ತಿ. ಕಿವಿಗಳು ಕಚ್ಚಿಗೆ ಇಳಿದಾಗ ಡಬ್ಬಿ ಒಮ್ಮೆಲೇ ಒಂದಿಷ್ಟು ಒಳಕ್ಕೆ ಕೂರುತ್ತದೆ, ಹಬ್ಬಿಗೂ ಅದಕ್ಕೂ ನಡುವೆ ಸಂದು ಉಳಿಯುವುದಿಲ್ಲ. ಆ ಕೂರುವಿಕೆ ಕೈಗೆ ತಿಳಿಯುವವರೆಗೆ ಆಕ್ಸಲ್ ತೂರಿಸಬೇಡಿ. ಡಬ್ಬಿಯ ಹೊರಮೈಯಲ್ಲಿ ಒಂದು ಚಾಚು ಇರುತ್ತದೆ, ಅದು ಫೋರ್ಕಿನಲ್ಲಿರುವ ತಡೆಗೆ ಒರಗಬೇಕು. ಒರಗದಿದ್ದರೆ ಚಕ್ರದ ಜೊತೆ ಡಬ್ಬಿಯೂ ಸುತ್ತಿ ವೈರನ್ನು ಕಿತ್ತುಹಾಕುತ್ತದೆ. ನಟ್ಟನ್ನು ಮ್ಯಾನುಯಲ್ಲಿನಲ್ಲಿ ಹೇಳಿದ ಟಾರ್ಕಿಗೆ ಬಿಗಿದು, ಚಕ್ರ ಸಲೀಸಾಗಿ ತಿರುಗುವುದನ್ನು ನೋಡಿ. ಕೊನೆಗೆ ಬ್ರೇಕ್ ಲಿವರನ್ನು ಗಟ್ಟಿಯಾಗುವವರೆಗೆ ಹಲವು ಸಲ ಒತ್ತಿ. ಇದನ್ನು ಮಾಡದೆ ರಸ್ತೆಗಿಳಿದರೆ ಮೊದಲ ತಿರುವಿನಲ್ಲಿ ಬ್ರೇಕ್ ಇರುವುದಿಲ್ಲ.

ಸೆಕೆಂಡಿಗೆ ಒಂದು ಸುತ್ತಿನಂತೆ ಚಕ್ರವನ್ನು ಕೈಯಲ್ಲಿ ತಿರುಗಿಸಿದರೆ ಅದು ಗಂಟೆಗೆ 6.7 ಕಿ.ಮೀ. ವೇಗ. ಬಹಳಷ್ಟು ಡಿಜಿಟಲ್ ಮೀಟರುಗಳು ಇಷ್ಟಕ್ಕೇ ಅಂಕಿ ತೋರಿಸುತ್ತವೆ, ರಸ್ತೆಗೆ ಹೋಗುವ ಮೊದಲೇ ಫಲಿತಾಂಶ ಗೊತ್ತಾಗುತ್ತದೆ.

ವೈರಿನ ರಿಪೇರಿ

ತುಂಡಾದ ಜಾಗ ಸಿಕ್ಕಿದ ಮೇಲೆ ಎರಡೂ ಕಡೆ ಹೊಳೆಯುವ ತಾಮ್ರ ಕಾಣುವವರೆಗೆ ಕತ್ತರಿಸುತ್ತಾ ಹೋಗಿ. ಕಪ್ಪಾದ ತಾಮ್ರಕ್ಕೆ ಬೆಸುಗೆ ಹಿಡಿಯುವುದಿಲ್ಲ. ಉದ್ದ ಸಾಲದಿದ್ದರೆ ವಾಹನಗಳಿಗೆಂದೇ ಮಾಡಿದ ಬಹು ಎಳೆಯ ತೆಳು ವೈರು ಸೇರಿಸಿ. ಮನೆಯ ವೈರಿಂಗಿನ ಒಂಟಿ ಎಳೆಯ ತಂತಿ ಅಲುಗಾಟಕ್ಕೆ ಬೇಗ ಮುರಿಯುತ್ತದೆ. ಹೀಟ್ ಶ್ರಿಂಕ್ ಕೊಳವೆಯನ್ನು ಬೆಸುಗೆಗೆ ಮೊದಲೇ ವೈರಿಗೆ ತೊಡಿಸಿರಬೇಕು. ಮೂರು ವೈರುಗಳ ಬೆಸುಗೆಗಳೂ ಒಂದೇ ಜಾಗದಲ್ಲಿ ಬರದಂತೆ ಒಂದೊಂದು ಇಂಚು ಹಿಂದೆ ಮುಂದೆ ಇರಲಿ.

ಬೆಸುಗೆ ಬಿದ್ದ ಜಾಗ ಗಡುಸಾಗುತ್ತದೆ, ಬಾಗಿದರೆ ಅದರ ಅಂಚಿನಲ್ಲೇ ಮತ್ತೆ ಮುರಿಯುತ್ತದೆ. ಆದ್ದರಿಂದ ವೈರು ಮಡಚುವ ಜಾಗದಲ್ಲಿ ಬೆಸುಗೆ ಬರಬಾರದು. ಆ ಭಾಗಕ್ಕೆ ಹೊಸ ವೈರಿನ ಉದ್ದನೆಯ ತುಂಡು ಹಾಕಿ, ಬೆಸುಗೆಗಳನ್ನು ವೈರು ಅಲುಗದೆ ಕೂರುವ ಕಡೆಗೆ ಒಯ್ಯಿರಿ. ಇನ್ಸುಲೇಷನ್ ಟೇಪ್ ಸುತ್ತಿ ಮುಗಿಸುವ ರಿಪೇರಿಗೆ ನನ್ನ ವಿರೋಧವಿದೆ: ಬಿಸಿಲಿಗೆ ಅದರ ಅಂಟು ಕರಗಿ ಹರಿಯುತ್ತದೆ, ಮಳೆಗೆ ನೀರನ್ನು ಒಳಗೇ ಹಿಡಿದಿಟ್ಟುಕೊಳ್ಳುತ್ತದೆ. ಎಲ್ಲ ಮುಗಿದ ಮೇಲೆ ಮುಂದಿನ ಬ್ರೇಕ್ ಹಿಡಿದು ಫೋರ್ಕನ್ನು ಪೂರ್ತಿ ಒತ್ತಿ ನೋಡಿ, ಹ್ಯಾಂಡಲ್ಲನ್ನು ಎರಡೂ ಕೊನೆಗೆ ತಿರುಗಿಸಿ ನೋಡಿ. ವೈರು ಎಲ್ಲಿಯೂ ಬಿಗಿಯಬಾರದು, ಚಕ್ರದ ಹತ್ತಿರ ಜೋತಾಡಲೂಬಾರದು.

ಇಷ್ಟೆಲ್ಲ ಆದ ಮೇಲೂ ಸೆನ್ಸರೇ ಸತ್ತಿದೆ ಎಂದು ಖಚಿತವಾದರೆ ಬೈಕಿನ ಮಾದರಿ ಮತ್ತು ತಯಾರಾದ ವರ್ಷ ಹೇಳಿ ಅದೇ ಬಿಡಿಭಾಗ ಸಂಖ್ಯೆಯದನ್ನು ಕೊಳ್ಳಿ. ವೈರು ಕಟ್ಟುವ ಮೊದಲು ಕನೆಕ್ಟರಿಗೆ ಸಿಕ್ಕಿಸಿ ಒಮ್ಮೆ ಪರೀಕ್ಷಿಸಿಬಿಡಿ.

ಗೇರ್‌ಬಾಕ್ಸ್ ಸೆನ್ಸರ್, ಎಬಿಎಸ್

ಗೇರ್‌ಬಾಕ್ಸಿನಿಂದ ವೇಗ ಓದುವ ಬೈಕಿನಲ್ಲಿ ಸೆನ್ಸರ್ ಸಾಮಾನ್ಯವಾಗಿ ಚೈನ್ ಎಳೆಯುವ ಹಲ್ಲಿನ ಚಕ್ರವಾದ ಮುಂದಿನ ಸ್ಪ್ರಾಕೆಟ್ಟಿನ ಸುತ್ತಮುತ್ತ, ಚೈನ್ ಲ್ಯೂಬ್ ಮತ್ತು ಧೂಳಿನ ಕರಿ ಕೆಸರಿನ ನಡುವೆ ಇರುತ್ತದೆ. ಮೊದಲು ಅದನ್ನು ತೊಳೆಯಿರಿ. ಸೆನ್ಸರ್ ಎಂಜಿನ್ನಿನೊಳಕ್ಕೆ ಇಳಿದಿದ್ದರೆ ತೆಗೆಯುವಾಗ ಒಂದಿಷ್ಟು ಆಯಿಲ್ ಬರಬಹುದು, ಓ-ರಿಂಗ್ ಹೊಸದು ಹಾಕಿ. ಇಲ್ಲಿ ಸ್ಪ್ರಾಕೆಟ್ ಬದಲಿಸಿದರೆ ಮೀಟರೂ ಸುಳ್ಳು ಹೇಳತೊಡಗುತ್ತದೆ. 15 ಹಲ್ಲಿನ ಜಾಗಕ್ಕೆ 14 ಹಲ್ಲಿನದು ಹಾಕಿದರೆ ವೇಗ ಶೇ. 7ರಷ್ಟು ಹೆಚ್ಚು ಕಾಣುತ್ತದೆ. ಫ್ಯೂಯೆಲ್ ಇಂಜೆಕ್ಷನ್ ಇರುವ ಬೈಕಿನಲ್ಲಿ ಎಂಜಿನ್ ಲೈಟ್ ಹತ್ತಿ, ಸ್ಕ್ಯಾನರಿನಲ್ಲಿ ಪಿ0500 ಕೋಡ್ ಬಂದರೆ ಅದು ವೇಗದ ಸಿಗ್ನಲ್ಲಿನ ದೂರು.

ಭಾರತದಲ್ಲಿ 125 ಸಿಸಿ ಮೀರಿದ ಎಲ್ಲ ಹೊಸ ಬೈಕುಗಳಿಗೆ 2019ರ ಏಪ್ರಿಲ್ 1ರಿಂದ ಎಬಿಎಸ್ ಕಡ್ಡಾಯ. ಇಂಥ ಹಲವು ಬೈಕುಗಳಲ್ಲಿ ಮೀಟರಿಗೆ ವೇಗ ಕೊಡುವುದೂ ಎಬಿಎಸ್ ಸೆನ್ಸರೇ. ಬೈಕು ಹೊರಟು ಸ್ವಲ್ಪ ವೇಗ ಹಿಡಿದ ಮೇಲೂ ಎಬಿಎಸ್ ದೀಪ ಆರದೆ ಉಳಿದು, ಜೊತೆಗೆ ಮೀಟರೂ ಸತ್ತಿದ್ದರೆ ಅಲ್ಲಿಯೇ ನೋಡಬೇಕು. ಡಿಸ್ಕಿನ ಪಕ್ಕದ ಕಿಂಡಿಗಳ ಉಂಗುರವನ್ನು ಬ್ರಷ್ಷಿನಿಂದ ಶುಚಿಗೊಳಿಸಿ, ಬಾಗಿದೆಯೇ ನೋಡಿ. ಸೆನ್ಸರಿಗೂ ಉಂಗುರಕ್ಕೂ ಇರುವ ಅಂತರ ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಆಸುಪಾಸು. ಚಕ್ರದ ಪೂರ್ತಿ ಸುತ್ತಿನಲ್ಲಿ ಅದು ಒಂದೇ ಸಮ ಇರಬೇಕು. ಕನೆಕ್ಟರ್ ಶುಚಿಗೊಳಿಸಬಹುದು. ಅದರಾಚೆಗೆ, ಮೇಲೆ ಹೇಳಿದ ರೆಸಿಸ್ಟರ್, ಎಲ್‌ಇಡಿ ಪ್ರಯೋಗಗಳನ್ನು ಎಬಿಎಸ್ ವೈರುಗಳ ಮೇಲೆ ಮಾಡಬೇಡಿ. ಅವು ಬೇರೆ ತತ್ವದ ಸೆನ್ಸರುಗಳು, ಕೆಟ್ಟರೆ ಕೆಡುವುದು ಬ್ರೇಕು. ಸ್ಕ್ಯಾನರ್ ಇರುವ ಸರ್ವಿಸ್ ಕೇಂದ್ರಕ್ಕೆ ಒಯ್ಯುವುದೇ ಸರಿ.

ಓಡಿಸಿ ನೋಡುವಾಗ

ಮೊಬೈಲಿನ ಜಿಪಿಎಸ್ ವೇಗದೊಂದಿಗೆ ಮೀಟರನ್ನು ಹೋಲಿಸಿ, ನೇರವಾದ ರಸ್ತೆಯಲ್ಲಿ, ಸ್ಥಿರ ವೇಗದಲ್ಲಿ, ಮೊಬೈಲ್ ಹೋಲ್ಡರಿನಲ್ಲಿ ಇಟ್ಟುಕೊಂಡು. ಜಿಪಿಎಸ್ 60 ಎಂದಾಗ ಮೀಟರ್ 63, 64 ಎಂದರೆ ಅದು ದೋಷವಲ್ಲ. ನಿಜ ವೇಗಕ್ಕಿಂತ ಕಡಿಮೆ ತೋರಿಸಬಾರದು ಎಂಬ ನಿಯಮದಿಂದಾಗಿ ತಯಾರಕರು ಮೀಟರನ್ನು ಒಂದಿಷ್ಟು ಹೆಚ್ಚಿಗೆ ತೋರಿಸುವಂತೆಯೇ ಮಾಡಿರುತ್ತಾರೆ. ದೂರದ ಲೆಕ್ಕಕ್ಕೆ ಹೆದ್ದಾರಿಯ ಕಿಲೋಮೀಟರ್ ಕಲ್ಲುಗಳಿವೆ: ಟ್ರಿಪ್ ಮೀಟರ್ ಸೊನ್ನೆ ಮಾಡಿ ಹತ್ತು ಕಲ್ಲು ದಾಟಿ ನೋಡಿ. ದೂರ ಸರಿಯಿದ್ದು ವೇಗ ಮಾತ್ರ ತುಸು ಹೆಚ್ಚಿದ್ದರೆ ಎಲ್ಲವೂ ಸರಿಯಿದೆ. ದೂರವೂ ತಪ್ಪಿದ್ದರೆ ಟೈರಿನ ಅಳತೆ ಬದಲಾಗಿದೆಯೇ ಎಂದು ಯೋಚಿಸಿ. ಮುಂದೆ 100/80-17 ಬದಲು 110/80-17 ಹಾಕಿದ ಬೈಕಿನಲ್ಲಿ ಸುತ್ತಳತೆ ಶೇ. 2.7ರಷ್ಟು ಹೆಚ್ಚುತ್ತದೆ, ಮೀಟರ್ ಅಷ್ಟೇ ಕಡಿಮೆ ತೋರಿಸುತ್ತದೆ. ಸೆನ್ಸರ್ ಬದಲಿಸಿದ ಮೇಲೆ ವೇಗ ಎರಡು ಪಟ್ಟೋ ಅರ್ಧವೋ ಬರುತ್ತಿದ್ದರೆ ಅಂಗಡಿಯವರು ಬೇರೆ ಬೈಕಿನ ಸೆನ್ಸರ್ ಕೊಟ್ಟಿದ್ದಾರೆ, ಹಿಂತಿರುಗಿಸಿ.

ಪರೀಕ್ಷೆಗಳೆಲ್ಲ ಮೀಟರಿನ ಕಡೆಗೇ ಬೊಟ್ಟು ಮಾಡಿ ಮೀಟರನ್ನೇ ಬದಲಿಸಬೇಕಾಗಿ ಬಂದರೆ, ಹಳೆಯದನ್ನು ಬಿಚ್ಚುವ ಮೊದಲು ಓಡೋಮೀಟರಿನ ಅಂಕಿಯ ಫೋಟೋ ತೆಗೆದಿಟ್ಟುಕೊಳ್ಳಿ. ಹೊಸ ಮೀಟರ್ ಸಾಮಾನ್ಯವಾಗಿ ಸೊನ್ನೆಯಿಂದ ಎಣಿಸುತ್ತದೆ. ಬಿಲ್ಲಿನ ಮೇಲೆ ದಿನಾಂಕದ ಜೊತೆಗೆ ಹಳೆಯ ಅಂಕಿಯನ್ನೂ ಬರೆಸಿಕೊಂಡು ಆರ್‌ಸಿ, ವಿಮೆಯ ಕಾಗದಗಳ ಜೊತೆ ಇಟ್ಟರೆ ನಾಳೆ ಬೈಕು ಮಾರುವಾಗ ಕೊಳ್ಳುವವರ ಪ್ರಶ್ನೆಗೆ ಆ ಒಂದು ಹಾಳೆಯೇ ಉತ್ತರ ಕೊಡುತ್ತದೆ.